ಗಾಳಿಪೆಟ್ಟಿಗೆ

ಮೂರು ಕುದುರೆ ಜಾಸ್ತಿ ಸಿಗುತ್ತದೆ ಎಂದು
ಡಬ್ಬಿಯ ಮೇಲೇ ಬರೆದಿತ್ತು.
ಕೊಯಮತ್ತೂರಿನಿಂದ ಬಸ್ಸಿನ ತಲೆಯ ಮೇಲೆ ಬಂದ ಡಬ್ಬಿ.
ಒಳಗೆ ಮೊಣಕೈಯಂತೆ ಬಾಗಿದ ಅಲ್ಯೂಮಿನಿಯಂ ಪೈಪು,
ದಾಸವಾಳದ ಮೊಗ್ಗಿನಂಥ ಕೆಂಪು ಫಿಲ್ಟರು,
ನಾಲ್ಕು ಕ್ಲಿಪ್ಪು, ಯಾರೂ ಓದದ ಒಂದು ಚೀಟಿ.

ಅಮ್ಮತ್ತಿಯ ಮೊಯ್ದು ಪೈಪನ್ನು ಕಣ್ಣಿಗೆ ಹಿಡಿದು
ಅದರೊಳಗಿಂದ ನನ್ನನ್ನು ನೋಡಿದ.
"ತಣ್ಣನೆ ಗಾಳಿ ತರೋಕೆ ಪೈಪಾ?
ಕೊಡಗಲ್ಲಿ?
ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆದರೆ ಆಯ್ತಲ್ಲ ಮಾರಾಯ್ತಿ,
ಬಿಟ್ಟಿ."

ಬಾನೆಟ್ಟಿನ ಕೆಳಗೆ ಕೊಡಗಿಲ್ಲ ಮೊಯ್ದು,
ಅಲ್ಲಿ ವರ್ಷವಿಡೀ ರಾಯಚೂರು.
ಬಿಸಿಗಾಳಿ ನೀರು ಮಜ್ಜಿಗೆ, ತಣ್ಣನೆಯದು ಗಟ್ಟಿ ಮೊಸರು,
ಎಂಜಿನ್ನಿಗೂ ನಾಲಿಗೆ ಇದೆ, ಎಂದೆ.
ಹೋದ ವರ್ಷದ ಗದ್ದೆ ರೇಸಿನಲ್ಲಿ, ಹೆಂಗಸರ ವಿಭಾಗದಲ್ಲಿ,
ವಿರಾಜಪೇಟೆಯ ಹಲ್ಲಿನ ಡಾಕ್ಟರು ಬೊಳ್ಳಮ್ಮ
ಒಂದೂಕಾಲು ಸೆಕೆಂಡಿನಿಂದ ನನ್ನನ್ನು ಸೋಲಿಸಿದ್ದು
ಹೇಳಲಿಲ್ಲ. ಅವನಿಗೆ ಗೊತ್ತಿತ್ತು.
ಅದಾದ ಮೇಲೆ ನನ್ನ ದವಡೆ ಹಲ್ಲು ಕಿತ್ತವಳೂ ಅವಳೇ,
ನೋವಾಯಿತಾ ಎಂದು ಕೇಳಿದ್ದಳು.

ಬ್ಯಾಟರಿಯ ಕಪ್ಪು ವೈರು ಬಿಚ್ಚು.
ಹತ್ತರ ಸ್ಪ್ಯಾನರ್ ಎಲ್ಲಿ?
ಹತ್ತರ ಸ್ಪ್ಯಾನರ್ ಯಾವ ಗ್ಯಾರೇಜಿನಲ್ಲೂ ಇರುವುದಿಲ್ಲ,
ನಿನ್ನೆ ಇರುತ್ತದೆ.
ಕರಿಮೆಣಸು ಕೊಯ್ಯುವ ಏಣಿಯಿಂದಿಳಿದು ಇಲ್ಲಿ ಕೆಲಸಕ್ಕೆ ಸೇರಿದ
ಅಸ್ಸಾಮಿನ ಹುಡುಗ ರೋಫಿಕುಲ್
ಕಿವಿಯ ಹಿಂದಿನ ಬೀಡಿ ತೆಗೆದಷ್ಟು ಸಲೀಸಾಗಿ
ಜೇಬಿನಿಂದ ತೆಗೆದುಕೊಟ್ಟ.

ಎರಡು ಬೋಲ್ಟು ಬಂದವು. ಮೂರನೆಯದಕ್ಕೆ ಎಣ್ಣೆ ಬಿಟ್ಟು ಚಾ ಕುಡಿದೆವು.
ಹಳೆಯ ಗಾಳಿಪೆಟ್ಟಿಗೆಯ ಮುಚ್ಚಳ ಎತ್ತಿದ ಮೊಯ್ದು
ಅಷ್ಟೇ ಮೆಲ್ಲಗೆ ಮುಚ್ಚಿದ.
"ಬಾ ಇಲ್ಲಿ" ಎಂದ, ಮಗು ಮಲಗಿರುವ ಮನೆಯ ದನಿಯಲ್ಲಿ.

ಗೋಣಿಯ ನಾರು, ಸೀಟಿನ ಸ್ಪಂಜು,
ಹೋದ ವರ್ಷದ ರೇಸಿನ ರಸೀದಿ ಚೂರುಚೂರಾಗಿ,
ನನ್ನ ಹೆಸರಿನ ಒಂದು ಒತ್ತಕ್ಷರ ಮಾತ್ರ ಉಳಿದು,
ನಡುವೆ
ಕಡಲೆಬೀಜದಷ್ಟು ಐದು ಇಲಿಮರಿ.
ಕಣ್ಣು ಬಿಟ್ಟಿಲ್ಲ, ಕೂದಲಿಲ್ಲ,
ಉಸಿರೆಳೆದರೆ ಇಡೀ ಮೈಯೇ ಉಸಿರು.
ಮನೆಯಿಂದ ನಾಲ್ಕು ಮೈಲಿ
ಎಂಜಿನ್ನು ಕುಡಿಯುವ ಗಾಳಿಯ ಹೊಳೆಯಲ್ಲಿ
ತೇಲದೆ ಬಂದಿದ್ದವು.

"ನಿನ್ನ ಕುದುರೆಗಳು ಇಲ್ಲೇ ಇದ್ದವು" ಎಂದ ಮೊಯ್ದು,
"ಇಲಿ ಸಾಕುತ್ತಿದ್ದವು.
ಇದನ್ನು ಗುಡಿಸಿದರೆ ಸಾಕು, ಪೈಪು ಬೇಡ. ಹಾಕಲಾ?"
ದುಡ್ಡು ಕೊಟ್ಟಾಗಿದೆ, ಹಾಕು ಎಂದೆ.

ಹೆಡ್‌ಲೈಟಿನ ಹಿಂದೆ ತೂತು ಕೊರೆದು ಅಂಚು ಅರದಿಂದ ಉಜ್ಜಿದ.
ಎಂಜಿನ್ನಿನ ಬಿಸಿ ತಾಗದಂತೆ ಮರೆಗೆ
ಸವೆದ ಪಲ್ಪರಿನ ತಾಮ್ರದ ತಗಡು ಕತ್ತರಿಸಿ ನಿಲ್ಲಿಸಿದ,
ಎಷ್ಟೋ ವರ್ಷ ಕಾಫಿಹಣ್ಣಿನ ಸಿಪ್ಪೆ ಸುಲಿದ
ಗುಬುಟು ಗುಬುಟು ತಾಮ್ರ.
ಚಾಬಿ ತಿರುಗಿಸಿದೆ.
ಇಪ್ಪತ್ತು ವರ್ಷ ಗೊಣಗುತ್ತಿದ್ದ ಜೆನ್ನು
ಗಂಟಲು ಸರಿಮಾಡಿಕೊಂಡು ಮಾತಾಡಿತು.
ರೋಫಿಕುಲ್ ಒಂದು ಹೆಜ್ಜೆ ಹಿಂದೆ ಸರಿದು ನಕ್ಕ.

ಹಳೆಯ ಪೆಟ್ಟಿಗೆಯನ್ನು ಪಕ್ಕದ ಸೀಟಿನಲ್ಲಿಟ್ಟು ಬೆಲ್ಟು ಹಾಕಿದೆ.
ಮೂರು ಹೊಸ ಕುದುರೆ, ಐದು ಇಲಿ,
ಮೂರನೆಯ ಗೇರು, ಗಂಟೆಗೆ ಇಪ್ಪತ್ತೈದು.
ಹೂಮಳೆ ಬಿದ್ದು ಎಂಟು ದಿನ, ತೋಟಗಳೆಲ್ಲ ಬೆಳ್ಳಗೆ,
ಆ ಘಮವನ್ನು ಮೊದಲು ಎಂಜಿನ್ನು ಎಳೆದುಕೊಂಡು
ಉಳಿದದ್ದನ್ನು ನನಗೆ ಕೊಟ್ಟಂತೆ.
ಹಿಂದಿನ ಜೀಪು ಹಾರ್ನ್ ಹಾಕಿ ಮುಂದೆ ಹೋಯಿತು.
ಬೊಳ್ಳಮ್ಮನದಲ್ಲ, ಪುಣ್ಯ.

ಶೆಡ್ಡಿನಲ್ಲಿ ಕಾರಿನ ಮೂತಿ ನಿಲ್ಲುವ ಜಾಗದಲ್ಲೇ
ಪೆಟ್ಟಿಗೆ ಇಟ್ಟೆ, ಬಾಯಿ ತೆರೆದಿಟ್ಟೆ.
ತಾಯಿಗೆ ವಿಳಾಸ ತಪ್ಪಬಾರದಲ್ಲ.
ಕಾರು ಹೊರಗೆ, ಇಬ್ಬನಿಯಲ್ಲಿ.

ಹತ್ತು ಗಂಟೆಗೆ ಟಾರ್ಚ್ ಹಾಕಿದರೆ ಐದು.
ಎರಡು ಗಂಟೆಗೆ ಮೂರು.
ಬೆಳಿಗ್ಗೆ ರಸೀದಿಯ ಚೂರು ಮಾತ್ರ.

ರೇಸಿಗೆ ಇನ್ನು ನಾಲ್ಕು ದಿನ.
ಎಣ್ಣೆ ನೋಡೋಣ ಎಂದು ಬಾನೆಟ್ಟು ಎತ್ತಿದೆ.
ಕೆಂಪು ಫಿಲ್ಟರಿನ ಪಕ್ಕ, ತಾಮ್ರದ ಮರೆಯಲ್ಲಿ,
ಇನ್ನೂ ಬೆಚ್ಚಗಿದ್ದ ಮೂಲೆಯಲ್ಲಿ
ಗೋಣಿಯ ನಾರು.